ರೈಲಿನಿಂದ ಇಳಿದುಹೋದ ಬಾಯಮ್ಮ

ಬಾಯಮ್ಮನ ಬೀಳ್ಕೊಡುಗೆ ಸಭೆಯಲ್ಲಿ ಬಹಳ ಜನ ಮಾತಾಡಿದರು. ಅವರ ಶಿಸ್ತು, ಸಮಯಪಾಲನೆ, ಸರಳ ಜೀವನ ಎಲ್ಲವನ್ನೂ ಹೊಗಳಿದರು. ಒಬ್ಬರು ಅವರನ್ನು ಮೇಣದಬತ್ತಿಗೆ ಹೋಲಿಸಿದರು. ಬಾಯಮ್ಮ ಮಲ್ಲಿಗೆಯ ಹಾರ ಹಾಕಿಕೊಂಡು ವೇದಿಕೆಯ ಮೇಲೆ ಕುಳಿತಿದ್ದರು. ಮುಂದಿನ ಸಾಲಿನಲ್ಲಿದ್ದ ನನಗೆ ಮೇಜಿನ ಅಡಿಯಲ್ಲಿ ಅವರು ಚಪ್ಪಲಿ ಕಳಚಿ ಕಾಲಬೆರಳುಗಳನ್ನು ಆಡಿಸುತ್ತಿದ್ದುದು ಕಾಣುತ್ತಿತ್ತು. ಒಂದೇ ಕಡೆ ಕೂರುವುದು ಅವರಿಗೆ ಯಾವತ್ತೂ ಆಗಿಬಂದದ್ದಲ್ಲ. ಆದರೆ ಅವರು ನಡೆಯುತ್ತಿದ್ದರು ಎಂಬ ಮಾತನ್ನು ಮಾತ್ರ ಆ ಸಭೆಯಲ್ಲಿ ಒಬ್ಬರೂ ಎತ್ತಲಿಲ್ಲ. ಎತ್ತಿದ್ದರೆ ಆ ರೈಲು ಪ್ರವಾಸದ ವಿಷಯವೂ ಬರುತ್ತಿತ್ತು. ಅದು ಬಾರದ ಹಾಗೆ ಎಲ್ಲರೂ ಜಾಗ್ರತೆ ಮಾಡಿದ್ದರು.

ಹಾಗಾಗಿ ಅದನ್ನು ನಾನು ಬರೆಯುತ್ತಿದ್ದೇನೆ.

ನಾನು ಬೆಳ್ಮಣ್ಣಿನವಳು. ಟ್ರೈನಿಂಗ್ ಮುಗಿಸಿ ಕಾಪುವಿನ ಹತ್ತಿರದ ಒಂದು ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಸೇರಿದಾಗ ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಸ್ವಲ್ಪ ಕಾಲವಾಗಿತ್ತು ಅಷ್ಟೆ. ಆ ಶಾಲೆ ಈಗ ಇಲ್ಲ. ಬಾಯಮ್ಮ ಅಲ್ಲಿ ಚರಿತ್ರೆ, ಭೂಗೋಳ ಕಲಿಸುತ್ತಿದ್ದರು. ಕೊಂಕಣಿ ಮಾತಾಡುವ ಕ್ರಿಶ್ಚನರ ಮನೆಯ ಹಿರಿಯ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಎಂದೇ ಕರೆಯುವುದು. ಅವರಿಗೆ ಒಳ್ಳೆಯ ಹೆಸರೊಂದಿತ್ತು, ಆದರೆ ಮಕ್ಕಳಿಗೂ ನಮಗೂ ಊರಿಗೂ ಅವರು ಬಾಯಮ್ಮನೇ. ಮದುವೆಯಾಗಿರಲಿಲ್ಲ. ಆಗ ಅವರಿಗೆ ನಲವತ್ತೈದರ ಮೇಲಾಗಿತ್ತು. ಸಪೂರ ದೇಹ, ಎತ್ತರದ ಹಣೆ, ಗಂಟಲು ಸ್ವಲ್ಪ ಗಡಸು.

ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಕೂಡಲೇ ಅವರು ಕಡಲ ಬದಿಗೆ ಇಳಿದುಬಿಡುತ್ತಿದ್ದರು. ಒಂದು ವಾರ ಕಾಪುವಿನ ಕಡಲ ದೀಪಸ್ತಂಭದಿಂದ ಬಡಗಣಕ್ಕೆ, ಮಟ್ಟುವಿನ ದಾರಿಯಾಗಿ ಉದ್ಯಾವರ. ಇನ್ನೊಂದು ವಾರ ತೆಂಕಣಕ್ಕೆ, ಉಚ್ಚಿಲ, ಎರ್ಮಾಳು ಹಾದು ಪಡುಬಿದ್ರಿ. ರಜೆ ಸಿಕ್ಕಿದರೆ ಮಲ್ಪೆ ದಾಟಿ ಬಾರ್ಕೂರಿನವರೆಗೂ ಹೋಗಿ ಬರುತ್ತಿದ್ದರು. ಹೆಂಗಸೊಬ್ಬಳು ಕೆಲಸವಿಲ್ಲದೆ ಹಾಗೆ ಕಡಲ ಬದಿಯಲ್ಲಿ ಹೋಗುವುದನ್ನು ಆಗ ಯಾರೂ ಕಂಡವರಲ್ಲ. ಮೊದಮೊದಲು ಜನ, ಯಾರೋ ತೀರಿಹೋದ ಮನೆಗೆ ಹೋಗುತ್ತಿದ್ದಾರೆ ಎಂದುಕೊಂಡು ದಾರಿ ಬಿಡುತ್ತಿದ್ದರಂತೆ. ಆಮೇಲೆ ಇವರಿಗೆ ಎಂತದೋ ಹರಕೆ ಉಂಟು ಎಂದು ಸಮಾಧಾನ ಮಾಡಿಕೊಂಡರು.

ನಾನು ಸೇರಿದ ಎರಡನೆಯ ತಿಂಗಳಲ್ಲಿ, "ಶನಿವಾರ ನಿನಗೆ ಕೆಲಸ ಎಂತ ಉಂಟು?" ಎಂದು ಕೇಳಿದರು. ಇಲ್ಲ ಎಂದೆ. ಅದರ ಫಲವನ್ನು ಮುಂದಿನ ವಾರವಿಡೀ ಕಾಲುನೋವಾಗಿ ಅನುಭವಿಸಿದೆ.

ನಡೆಯುವಾಗ ಅವರು ಮಾತಾಡುತ್ತಿರಲಿಲ್ಲ. ಚಪ್ಪಲಿ ಎಡಗೈಯಲ್ಲಿ, ಮಡಚಿದ ಕೊಡೆ ಬಲಗೈಯಲ್ಲಿ, ಸೀರೆ ಮೀನಖಂಡದವರೆಗೆ ಎತ್ತಿ ಸಿಕ್ಕಿಸಿದ್ದು. ಒದ್ದೆ ಮರಳು ಎಲ್ಲಿ ಗಟ್ಟಿ ಉಂಟು ಎಂದು ನೋಡಿ ಅಲ್ಲಿಯೇ ಕಾಲಿಡುತ್ತಿದ್ದರು. ಹಿಂದೆ ಬಿದ್ದವರಿಗೆ ಕಾಯುವ ಸ್ವಭಾವ ಅವರದಲ್ಲ. ನಾನು ಒಂದು ಚಿಪ್ಪು ಹೆಕ್ಕಲು ಬಗ್ಗಿದರೆ ಎದ್ದು ನೋಡುವಷ್ಟರಲ್ಲಿ ಅವರು ಅಷ್ಟು ದೂರ. ತೋಡು ಕಡಲಿಗೆ ಸೇರುವ ಕಡೆ ಕೊಡೆಯನ್ನು ನೀರಿಗಿಳಿಸಿ ಆಳ ನೋಡಿ ಮೊದಲು ತಾವು ದಾಟಿ, ಆಚೆ ದಡದಲ್ಲಿ ನಿಂತು, ನೀರಿಗೆ ಹೆದರಿ ನಿಂತ ನನ್ನನ್ನು ನೋಡಿ ನಗುತ್ತಿದ್ದರು. ಆ ನಗು ನನಗೆ ಸೇರುತ್ತಿರಲಿಲ್ಲ. ಒಂದೆರಡು ಸಲ ಸಿಟ್ಟು ಮಾಡಿಕೊಂಡು ನಾನು ಬಸ್ಸಿನಲ್ಲಿ ಮನೆಗೆ ಹೋದದ್ದೂ ಉಂಟು. ಮುಂದಿನ ಶನಿವಾರ ಅವರು ಏನೂ ಆಗದವರಂತೆ ಬಂದು, ನನಗಾಗಿ ಬೇರೆ ಪೊಟ್ಟಣದಲ್ಲಿ ಕಟ್ಟಿದ ಬೆಲ್ಲದ ಅವಲಕ್ಕಿಯನ್ನು ಮೇಜಿನ ಮೇಲಿಡುತ್ತಿದ್ದರು. ಅವರಿಗೆ ಬೇಯಿಸಿದ ಮೊಟ್ಟೆ, ನನಗೆ ಅವಲಕ್ಕಿ. ಕ್ಷಮೆ ಕೇಳುವ ಕ್ರಮ ಅವರಲ್ಲಿ ಇದ್ದದ್ದು ಅಷ್ಟೆ.

ಅವರ ಆಸಕ್ತಿ ಇದ್ದದ್ದು ಬಾವಿಗಳಲ್ಲಿ. ಹಿಂದಿನ ಕಾಲದಲ್ಲಿ ಹಡಗು ಬರುತ್ತಿದ್ದ ಊರು ಯಾವುದೆಂದು ತಿಳಿಯಬೇಕಾದರೆ ಕಡಲ ಹತ್ತಿರ ಸಿಹಿನೀರು ಎಲ್ಲಿ ಉಂಟು ಎಂದು ಹುಡುಕಬೇಕು ಎಂಬುದು ಅವರ ಲೆಕ್ಕ. ಹಡಗಿನವರಿಗೆ ಕರಿಮೆಣಸು, ಅಕ್ಕಿ ಆಮೇಲೆ. ಮೊದಲು ಬೇಕಾದ್ದು ಕುಡಿಯುವ ನೀರು. ಹಾಗಾಗಿ ಯಾವ ಊರಿಗೆ ಹೋದರೂ ಗುಡಿ, ಬಸದಿ, ಕೋಟೆ ನೋಡುವ ಮುಂಚೆ ಹಳೆಯ ಬಾವಿಯ ನೀರು ಕುಡಿದು ನೋಡುತ್ತಿದ್ದರು. ಅಲ್ಲಿಯ ಅತಿ ಮುದಿ ಹೆಂಗಸನ್ನು ಹುಡುಕಿ ಈ ಬಾವಿ ಯಾರು ತೋಡಿಸಿದ್ದು ಎಂದು ತುಳುವಿನಲ್ಲಿ ಕೇಳುತ್ತಿದ್ದರು. ಉದ್ಯಾವರದ ಒಂದು ಮನೆಯಲ್ಲಿ ನಮ್ಮ ಜಾತಿ ಕೇಳಿದ ಮೇಲೆ ಮನೆಯಾಕೆ ಬಾಯಮ್ಮನಿಗೆ ಹಗ್ಗ ಮುಟ್ಟಲು ಬಿಡಲಿಲ್ಲ. ನನ್ನ ಹತ್ತಿರ ನೀರು ಸೇದಿಸಿದಳು. ಬಾಯಮ್ಮ ಅಂಗಳದ ತುದಿಯಲ್ಲಿ ಬಗ್ಗಿ ಕೈ ಬೊಗಸೆ ಮಾಡಿದರು, ನಾನು ಹೊಯ್ದೆ. ನನಗೆ ಮುಖ ಎತ್ತಲು ಆಗಲಿಲ್ಲ. ದಾರಿಯಲ್ಲಿ ಬಹಳ ಹೊತ್ತಾದ ಮೇಲೆ ಅವರು ಹೇಳಿದ್ದು ಒಂದೇ ಮಾತು: "ನೀರು ಒಳ್ಳೆಯದಿತ್ತು, ಅಲ್ವಾ?"

ತರಗತಿಯಲ್ಲಿ ಅವರು ತಮಗೆ ತಿಳಿಯದ್ದನ್ನು ಹೇಳುತ್ತಿರಲಿಲ್ಲ. ಬಾರ್ಕೂರಿನಲ್ಲಿರುವ ಹಳೆಯ ಕಲ್ಲು ಕಂಬ ಯಾವ ರಾಜ ನಿಲ್ಲಿಸಿದ್ದು ಎಂದು ಮಕ್ಕಳು ಕೇಳಿದರೆ ನನಗೆ ಗೊತ್ತಿಲ್ಲ ಎನ್ನುತ್ತಿದ್ದರು. ಒಮ್ಮೆ ಇನ್ಸ್‌ಪೆಕ್ಟರು ಬಂದ ದಿನವೂ ಹಾಗೆಯೇ ಹೇಳಿದರು. ಟೀಚರಿಗೆ ಗೊತ್ತಿಲ್ಲದಿದ್ದರೆ ಏನಾದರೊಂದು ಹೇಳಬೇಕು, ಮಕ್ಕಳ ಎದುರು ಬಾಯಿ ಕಟ್ಟಬಾರದು ಎಂದು ಆತ ಬುದ್ಧಿ ಹೇಳಿದ. ಮಕ್ಕಳಿಗೆ ಸುಳ್ಳು ಹೇಳಿದರೆ ಅವು ಅದನ್ನು ಬಾಯಿಪಾಠ ಮಾಡ್ತಾವೆ ಸರ್ ಎಂದರು ಬಾಯಮ್ಮ. ಸಣ್ಣ ಸುಳ್ಳಿನ ವಿಷಯದಲ್ಲೂ ಅವರು ಹಾಗೆಯೇ ಇದ್ದರು. ತಲೆನೋವೆಂದು ರಜೆ ಹಾಕಿ ನೆಂಟರ ಮದುವೆಗೆ ಹೋಗಿ ಬಂದ ಸಹೋದ್ಯೋಗಿಯೊಬ್ಬರ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು. ಅದು ನಮಗೆಲ್ಲ ಅತಿಯಾಗಿಯೇ ಕಂಡಿತ್ತು.

ರೈಲಿನ ಯೋಚನೆ ಬಂದದ್ದು ಮಣಿಪಾಲದ ಗುಡ್ಡದಲ್ಲಿ. ಆಗ ಅಲ್ಲಿ ಕಟ್ಟಡಗಳು ಆಗಷ್ಟೇ ಏಳುತ್ತಿದ್ದವು. ಉಳಿದದ್ದೆಲ್ಲ ಮುರಕಲ್ಲಿನ ಬೋಳುಗುಡ್ಡ. ಎಂಟನೇ ತರಗತಿಯ ಹುಡುಗಿಯರನ್ನು ಅಲ್ಲಿಗೆ ಹತ್ತಿಸಿ, ಪಡುವಣದಲ್ಲಿ ಕಾಣುವ ಕಡಲನ್ನೂ ಹೊಳೆಗಳನ್ನೂ ತೋರಿಸಿ, ತಾವು ನಡೆದ ಊರುಗಳನ್ನು ಒಂದೊಂದಾಗಿ ಬೆರಳು ಮಾಡಿ ಹೇಳುತ್ತಿದ್ದರು. ತೆಂಕಣದಲ್ಲಿ ಕುಂಬಳೆ, ಬೇಕಲ ಎಂದೆಲ್ಲ ಕೋಟೆಗಳುಂಟು, ಅಲ್ಲಿಗೆ ಮಂಗಳೂರಿನಿಂದ ರೈಲಿನಲ್ಲಿ ಹೋಗಬಹುದು ಎಂದಾಗ ಒಬ್ಬ ಹುಡುಗಿ, ರೈಲು ಬಸ್ಸಿಗಿಂತ ಎಷ್ಟು ಉದ್ದ ಎಂದು ಕೇಳಿದಳು. ಬಾಯಮ್ಮ ಯಾರು ಯಾರು ರೈಲು ನೋಡಿದ್ದೀರಿ ಎಂದು ಕೇಳಿದರು. ಒಂದು ಕೈಯೂ ಏಳಲಿಲ್ಲ. ನಮ್ಮ ಕಡೆಗೆ ರೈಲು ಇರಲಿಲ್ಲವಷ್ಟೆ. ಇಳಿಯುವ ದಾರಿಯಲ್ಲಿ ಬಾಯಮ್ಮ ನನ್ನೊಡನೆ, ಇವರನ್ನು ಕರೆದುಕೊಂಡು ಹೋಗುವ ಮಾರಾಯ್ತಿ, ಎಂದರು. ಒಪ್ಪಿದೆ.

ಶಾಲೆಯ ಮೇನೇಜರು ಸುಲಭಕ್ಕೆ ಒಪ್ಪಲಿಲ್ಲ. ಹೆಣ್ಣುಮಕ್ಕಳು, ರಾತ್ರಿ ತಂಗಬೇಕು, ಮೇಲಾಗಿ ಕಾಸರಗೋಡು ಈಗ ಬೇರೆ ರಾಜ್ಯ. ಬಾಯಮ್ಮ ವಾರಗಟ್ಟಲೆ ಅವರ ಹಿಂದೆ ಬಿದ್ದರು. ಕಾಸರಗೋಡಿನಲ್ಲಿ ತಮ್ಮ ಜೊತೆ ಟ್ರೈನಿಂಗ್ ಆದ ಟೀಚರೊಬ್ಬರು ಇದ್ದರು, ಅವರ ಶಾಲೆಯಲ್ಲಿಯೇ ತಂಗುವುದು ಎಂದಾದ ಮೇಲೆ ಅನುಮತಿ ಸಿಕ್ಕಿತು. ಏನಾದರೂ ಆದರೆ ಜವಾಬ್ದಾರಿ ನಿಮ್ಮದೇ ಎಂದು ಮೇನೇಜರು ಎಲ್ಲರ ಎದುರಿಗೆ ಹೇಳಿದ್ದರು.

ಮನೆಮನೆಗೆ ಹೋಗಿ ಒಪ್ಪಿಸುವ ಕೆಲಸ ಉಳಿದಿತ್ತು. ಅದರಲ್ಲಿ ಕಷ್ಟವಾದದ್ದು ಗುಲಾಬಿಯ ಮನೆ. ಗುಲಾಬಿ ಮೀನುಗಾರ ಮೊಗವೀರರ ಹುಡುಗಿ, ತಡವಾಗಿ ಶಾಲೆಗೆ ಸೇರಿದ್ದರಿಂದ ಉಳಿದವರಿಗಿಂತ ದೊಡ್ಡವಳು. ಅಪ್ಪ ಇರಲಿಲ್ಲ. ತಾಯಿ ಮೀನಿನ ಬುಟ್ಟಿ ಹೊತ್ತು ಮಾರುತ್ತಿದ್ದಳು. ಮನೆಯ ಯಜಮಾನಿಕೆ ಸೋದರಮಾವನದು. ಆ ಮಾವ, ಹೆಂಡತಿ ತೀರಿಹೋದ ಮಲ್ಪೆಯ ದೋಣಿಯವನೊಬ್ಬನಿಗೆ ಇವಳನ್ನು ಕೊಡುವುದೆಂದು ಮಾತು ಮುಗಿಸಿದ್ದ. ನಿಶ್ಚಯವಾದ ಹುಡುಗಿಯನ್ನು ಊರೂರು ತಿರುಗಿಸುವುದು ಎಂತಕ್ಕೆ ಎಂದು ಅವನು ಕೇಳಿದ. ಬಾಯಮ್ಮ ಜಗಲಿಯಲ್ಲಿ ಕುಳಿತರು. ಕತ್ತಲಾಗುವವರೆಗೂ ಏಳಲಿಲ್ಲ. ಕೊನೆಗೆ ತಾಯಿಯೇ ಒಳಗಿನಿಂದ ಬಂದು, ಮದುವೆಯಾದ ಮೇಲೆ ಇವಳನ್ನು ರೈಲಿಗೆ ಯಾರು ಕರೆದುಕೊಂಡು ಹೋಗ್ತಾರೆ, ಹೋಗಿ ಬರಲಿ ಅಣ್ಣ, ಎಂದಳು. ಮಾವ ಎದ್ದು ಒಳಗೆ ಹೋದ. ಅದನ್ನೇ ಒಪ್ಪಿಗೆ ಎಂದು ತಿಳಿದು ನಾವು ಹೊರಟೆವು.

ಆ ಪ್ರಯಾಣದ ಸಂತೋಷವನ್ನು ಬರೆಯದಿದ್ದರೆ ಬಾಯಮ್ಮನಿಗೆ ಅನ್ಯಾಯವಾದೀತು. ಹೊಳೆಗಳಿಗೆ ಆಗ ಸೇತುವೆ ಇರಲಿಲ್ಲ. ಹೆಜಮಾಡಿಯಲ್ಲಿ ಬಸ್ಸಿಳಿದು, ದೋಣಿಯಲ್ಲಿ ದಾಟಿ, ಮೂಲ್ಕಿಯ ಬದಿಯಲ್ಲಿ ಇನ್ನೊಂದು ಬಸ್ಸು. ಹಾಗೆ ಹತ್ತಿ ಇಳಿದು ಮಂಗಳೂರು ಸೇರಿದಾಗ ರೈಲು ಹೊಗೆ ಬಿಡುತ್ತಾ ನಿಂತಿತ್ತು. ಹುಡುಗಿಯರು ಅದರ ಚಕ್ರವನ್ನು ಮುಟ್ಟಿ ನೋಡಿದರು. ನೇತ್ರಾವತಿಯ ಸೇತುವೆ ಬಂದಾಗ ಒಬ್ಬಳು ಅಳತೊಡಗಿದಳು, ಉಳಿದವರು ಕಿಟಕಿಗೆ ಮುಖ ಒತ್ತಿದರು. ಕುಂಬಳೆಯಲ್ಲಿಳಿದು ಆರಿಕ್ಕಾಡಿಯ ಕೋಟೆಯನ್ನು ಹತ್ತಿದೆವು. ಅಲ್ಲಿಂದ ಕಡಲ ಬದಿ ಹಿಡಿದು ಮೊಗ್ರಾಲಿನ ಹೊಳೆ ದಾಟಿ ಕಾಸರಗೋಡಿಗೆ ನಡೆದೆವು. ಆ ದಿನ ಬಾಯಮ್ಮ ಹಿಂದೆ ಬಿದ್ದವರಿಗೆ ನಿಂತು ಕಾದರು. ನಾನು ಅದನ್ನು ನೋಡಿ ಆಶ್ಚರ್ಯಪಟ್ಟೆ. ಗುಲಾಬಿ ಮಾತ್ರ ಎಲ್ಲರಿಗಿಂತ ಮುಂದೆ, ಬಾಯಮ್ಮನಷ್ಟೇ ವೇಗವಾಗಿ ನಡೆಯುತ್ತಿದ್ದಳು.

ಮರುದಿನ ಬೆಳಿಗ್ಗೆ ಮತ್ತೆ ರೈಲು. ಚಂದ್ರಗಿರಿ ಹೊಳೆ ಕಳೆದು ಸುರಂಗ ಬಂದಾಗ ಹುಡುಗಿಯರು ಕಿರುಚಿದ್ದು ಇಡೀ ಗಾಡಿಗೆ ಕೇಳಿರಬೇಕು. ಕೋಟಿಕುಳಂನಲ್ಲಿಳಿದು ಬೇಕಲದ ಕೋಟೆಗೆ ನಡೆದೆವು. ಕಡಲಿನ ಮೇಲೆ ಚಾಚಿಕೊಂಡ ಆ ಗೋಡೆಗಳ ಮೇಲೆ ಮಧ್ಯಾಹ್ನದವರೆಗೆ ಇದ್ದೆವು. ಹೊರಡುವಾಗ ಬಾಯಮ್ಮ ಕೋಟೆಯ ಬಾಗಿಲಲ್ಲಿ ನಿಂತು, ಕೊಡೆಯ ಹಿಡಿಯಿಂದ ಒಬ್ಬೊಬ್ಬಳ ತಲೆ ಮುಟ್ಟಿ ಲೆಕ್ಕ ಮಾಡಿದರು. ಅದು ನನಗೆ ಚೆನ್ನಾಗಿ ನೆನಪುಂಟು.

ಸ್ಟೇಶನ್ನಿಗೆ ಬಂದಾಗ ರೈಲು ಬಂದೇಬಿಟ್ಟಿತ್ತು. ಗಾಡಿ ತುಂಬಾ ಜನ. ಮಕ್ಕಳನ್ನು ಎರಡು ಡಬ್ಬಿಗಳಿಗೆ ಹೇಗೋ ಹತ್ತಿಸಿ ನಾವೂ ಹತ್ತಿದೆವು. ಗಾಡಿ ಅಲುಗಿತು. ಬಾಯಮ್ಮ ಬಾಗಿಲಿನಲ್ಲಿ ನಿಂತು ಒಳಗಿನವರನ್ನೂ ಪಕ್ಕದ ಡಬ್ಬಿಯ ಕಿಟಕಿಗಳನ್ನೂ ನೋಡಿದವರು, ಗುಲಾಬಿ ಎಲ್ಲಿ ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಸರಪಳಿ ಎಳೆಯಬಹುದು ಎಂದು ನನಗೆ ಹೊಳೆಯಲೇ ಇಲ್ಲ, ಅವರಿಗೂ ಹೊಳೆದಿರಲಿಕ್ಕಿಲ್ಲ. "ಇವರನ್ನು ಮನೆ ಮುಟ್ಟಿಸು," ಎಂದು ನನಗೆ ಹೇಳಿ, ಚಲಿಸುತ್ತಿದ್ದ ಗಾಡಿಯಿಂದ ಇಳಿದರು. ಬೀಳಲಿಲ್ಲ. ಪ್ಲಾಟ್‌ಫಾರಂ ಮೇಲೆ ಸ್ವಲ್ಪ ಓಡಿ ನಿಂತು, ಹಿಂದೆ ತಿರುಗಿ ಕೋಟೆಯ ದಾರಿ ಹಿಡಿದರು. ಕಿಟಕಿಯಿಂದ ನಾನು ಕಂಡದ್ದು ಅಷ್ಟು.

ನಾನು ಮಕ್ಕಳನ್ನು ಮನೆ ಮುಟ್ಟಿಸಿದೆ. ಬಾಯಮ್ಮ ಆ ಸಂಜೆಯ ಗಾಡಿಯಲ್ಲಿಯೂ ಬರಲಿಲ್ಲ. ಮರುದಿನ ಇಳಿಹೊತ್ತಿಗೆ ಗುಲಾಬಿಯ ಜೊತೆ ಕಾಪುವಿನಲ್ಲಿ ಬಸ್ಸಿಳಿದಾಗ ಅರ್ಧ ಊರೇ ಅಲ್ಲಿ ಸೇರಿತ್ತು. ಕೋಟೆಯ ಹತ್ತಿರದ ಬೆಸ್ತರ ಮನೆಯಲ್ಲಿ ರಾತ್ರಿ ಉಳಿದೆವು, ಮಗು ಕ್ಷೇಮ, ಎಂದಷ್ಟೇ ಬಾಯಮ್ಮ ಹೇಳಿದರು. ಗುಲಾಬಿ ತಲೆ ತಗ್ಗಿಸಿಕೊಂಡು ತಾಯಿಯ ಹಿಂದೆ ಹೋದಳು. ದಾರಿಯಲ್ಲಿ ದೋಣಿ ನೋಡುತ್ತಾ ನಿಂತು ಹಿಂದುಳಿದಳಂತೆ ಎಂದು ಮಕ್ಕಳು ಹೇಳಿಕೊಂಡರು.

ಅವಳ ಮಾವ ಮರುದಿನವೇ ಶಾಲೆಗೆ ಬಂದ. ಪರರಾಜ್ಯದಲ್ಲಿ ಯಾರದೋ ಮನೆಯಲ್ಲಿ ರಾತ್ರಿ ಕಳೆದ ಹುಡುಗಿ ಬೇಡವೆಂದು ಮಲ್ಪೆಯವರು ಸಂಬಂಧ ಮುರಿದಿದ್ದರು. ಮೇನೇಜರು ನಮ್ಮನ್ನೆಲ್ಲ ಕೂರಿಸಿ ವಿಚಾರಿಸಿದರು. ಗುಲಾಬಿಯನ್ನೂ ಕರೆಸಿದ್ದರು. ಅವಳು ಬಾಗಿಲಲ್ಲಿ ನಿಂತಿದ್ದಳು. ನೀನು ಯಾಕೆ ಹಿಂದೆ ಉಳಿದೆ ಎಂದು ಅವರು ಅವಳನ್ನು ಕೇಳಿದ್ದೇ ತಡ, ಬಾಯಮ್ಮ ಎದ್ದು ನಿಂತರು.

"ಅವಳನ್ನು ಕೇಳುವುದು ಬೇಡ. ನಾನು ಲೆಕ್ಕ ಮಾಡದೆ ಹೊರಟೆ. ಅವಳು ಕೋಟೆಯ ಒಳಗೇ ಇದ್ದಳು, ನಾನು ಬಿಟ್ಟು ಬಂದೆ."

ಕೊಡೆಯ ಹಿಡಿ ನನ್ನ ಕಣ್ಣ ಮುಂದೆ ಇತ್ತು. ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಮೇನೇಜರು, ಮಾವ ಇಬ್ಬರೂ ಬಾಯಮ್ಮನ ಮೇಲೆ ತಿರುಗಿದ್ದರು. ಬಾಯಮ್ಮ ಎಲ್ಲವನ್ನೂ ನಿಂತುಕೊಂಡೇ ಕೇಳಿಸಿಕೊಂಡರು. ಹೊರಗೆ ಬಂದ ಮೇಲೆ, ನೀವು ಲೆಕ್ಕ ಮಾಡಿದ್ದೀರಿ, ನಾನು ನೋಡಿದ್ದೇನೆ, ಎಂದೆ. ಕ್ಲಾಸಿಗೆ ಹೊತ್ತಾಯಿತು ಎಂದು ಅವರು ಹೊರಟುಹೋದರು.

ಆ ವರ್ಷದ ಕೊನೆಗೆ ಹೆಡ್‌ಮಿಸ್ಟ್ರೆಸ್ ಹುದ್ದೆ ಖಾಲಿಯಾಗುವುದಿತ್ತು. ಎಲ್ಲರಿಗಿಂತ ಹಿರಿಯರಾದ ಬಾಯಮ್ಮನಿಗೇ ಸಿಗಬೇಕಾದದ್ದು. ಹುಡುಗಿಯನ್ನು ಮರೆತು ಬಂದವರ ಕೈಗೆ ಶಾಲೆ ಕೊಡುವುದು ಹೇಗೆ ಎಂದು ಅದನ್ನು ಬೇರೆಯವರಿಗೆ ಕೊಟ್ಟರು. ಹುಡುಗಿಯರ ಪ್ರವಾಸಗಳು ನಿಂತುಹೋದವು. ಒಂದು ಗುಡ್ಡ ಹತ್ತಿಸಲೂ ಬಾಯಮ್ಮನಿಗೆ ಅನುಮತಿ ಇರಲಿಲ್ಲ. ಅದು ಅವರಿಗೆ ಹುದ್ದೆ ತಪ್ಪಿದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಭೂಗೋಳದ ಪಾಠ ಮಾಡುತ್ತಾ ಕಿಟಕಿಯ ಹೊರಗೆ ನೋಡುತ್ತಾ ನಿಂತುಬಿಡುತ್ತಿದ್ದುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಶನಿವಾರದ ನಡಿಗೆ ಮಾತ್ರ ಬಿಡಲಿಲ್ಲ. ಮೊದಲಿಗಿಂತ ದೂರ ಹೋಗತೊಡಗಿದರು. ನಾನು ಜೊತೆಗಿರುತ್ತಿದ್ದೆ.

ಮಳೆಗಾಲ ಕಳೆದ ಮೇಲೆ ಒಂದು ದಿನ ಗುಲಾಬಿಯ ತಾಯಿ ಬುಟ್ಟಿ ಹೊತ್ತುಕೊಂಡು ಶಾಲೆಯ ಗೇಟಿನ ಹತ್ತಿರ ಕಾಯುತ್ತಿದ್ದಳು. ಬಾಯಮ್ಮ ಹೊರಗೆ ಬಂದ ಕೂಡಲೇ ಎಲೆಯಲ್ಲಿ ಸುತ್ತಿದ ಬಂಗುಡೆ ಮೀನನ್ನು ಅವರ ಕೈಗಿಟ್ಟು ತುಳುವಿನಲ್ಲಿ, "ನಿಮ್ಮ ಲೆಕ್ಕ ತಪ್ಪಿದ್ದು ಒಳ್ಳೆಯದೇ ಆಯಿತು ಬಾಯಮ್ಮ," ಎಂದಳು. ಮಗಳು ಶಾಲೆಗೆ ಬರುವುದನ್ನು ನಿಲ್ಲಿಸಿರಲಿಲ್ಲ. ಮಾವನ ಮಾತು ಆ ಮನೆಯಲ್ಲಿ ಮೊದಲಿನಷ್ಟು ನಡೆಯುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

ವರ್ಷಗಳು ಕಳೆದವು. ಹೊಳೆಗಳಿಗೆ ಒಂದೊಂದಾಗಿ ಸೇತುವೆ ಬಂತು, ಮಂಗಳೂರಿಗೆ ಬಸ್ಸು ನಿಲ್ಲದೆ ಹೋಗತೊಡಗಿತು. ನಾನು ಮದುವೆಯಾಗಿ ಕಾರ್ಕಳಕ್ಕೆ ಹೋದೆ, ಅಲ್ಲಿಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ಬಾಯಮ್ಮನ ಬೀಳ್ಕೊಡುಗೆಗೆ ಬಂದದ್ದು ಅಲ್ಲಿಂದಲೇ. ಅದರ ಮರುವರ್ಷ ಎರಡನೆಯ ಹೆರಿಗೆಗೆ ಉಡುಪಿಯ ಆಸ್ಪತ್ರೆಯೊಂದರಲ್ಲಿ ಮಲಗಿದ್ದಾಗ, ನನ್ನ ಮಗುವನ್ನು ಎತ್ತಿ ತಂದು ಪಕ್ಕದಲ್ಲಿ ಮಲಗಿಸಿದ ನರ್ಸು, ಟೀಚರ್, ನನ್ನ ಗುರುತು ಸಿಕ್ಕಿತಾ, ಎಂದು ಕೇಳಿದಳು. ಗುಲಾಬಿ. ಮಧ್ಯಾಹ್ನ ವಾರ್ಡು ಮಲಗಿದ್ದಾಗ ನನ್ನ ಮಂಚದ ಬದಿ ಕುಳಿತು, ಅವಳಾಗಿಯೇ ಆ ದಿನದ ವಿಷಯ ತೆಗೆದಳು. ದೋಣಿ ನೋಡಲು ನಿಂತದ್ದಲ್ಲವಂತೆ. ಸ್ಟೇಶನ್ನಿನ ದಾರಿಯಲ್ಲಿ ತಿರುವು ಬಂದಾಗ ತೆಂಗಿನ ಮರಗಳ ಮರೆಗೆ ಸರಿದು, ಓಡಿಕೊಂಡು ಕೋಟೆಗೆ ಹೋಗಿ, ಬುರುಜಿನ ಒಳಗೆ ಅಡಗಿ ಕುಳಿತಿದ್ದಳಂತೆ. ಮನೆಗೆ ಹೋದರೆ ಮದುವೆ. ಹೋಗದಿದ್ದರೆ ಮುಂದೇನು ಎಂದು ಯೋಚಿಸಿರಲಿಲ್ಲ. ಬಾಯಮ್ಮ ಬಂದು ಅವಳನ್ನು ಹುಡುಕಿ ತೆಗೆದಾಗ ಹೊಡೆಯುತ್ತಾರೆ ಎಂದುಕೊಂಡಿದ್ದಳು. ಅವರು ಹೊಡೆಯಲಿಲ್ಲ, ಬಯ್ಯಲಿಲ್ಲ. ಏದುಸಿರು ಬಿಡುತ್ತಾ ಅವಳ ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತರು. ಅವಳು ಎಲ್ಲ ಹೇಳಿಕೊಂಡಳು. ಅಡಗಿದ ವಿಷಯ ಊರಿನಲ್ಲಿ ಬಾಯಿ ಬಿಡಬೇಡ, ಬಿಟ್ಟರೆ ನಿನ್ನ ಮಾವ ನಿನ್ನನ್ನು ಶಾಲೆಯಿಂದ ಬಿಡಿಸುತ್ತಾನೆ, ಲೆಕ್ಕ ತಪ್ಪಿದ್ದು ನಾನು ಎಂದೇ ಇರಲಿ, ಎಂದು ಬಾಯಮ್ಮ ಹೇಳಿದ್ದರಂತೆ. ತಾಯಿಗೆ ಮಾತ್ರ ಗುಲಾಬಿ ಅದೇ ವಾರ ಹೇಳಿಬಿಟ್ಟಿದ್ದಳು.

ಮಗುವಿಗೆ ಮೂರು ತಿಂಗಳಾದ ಮೇಲೆ ನಾನು ಬಾಯಮ್ಮನನ್ನು ನೋಡಲು ಹೋದೆ. ತಮ್ಮನ ಮನೆಯ ಹಿಂಭಾಗದ ಒಂದು ಕೋಣೆಯಲ್ಲಿದ್ದರು. ಮೊಣಕಾಲು ಹಿಡಿದುಕೊಂಡಿತ್ತು, ಭಾನುವಾರದ ಪ್ರಾರ್ಥನೆಗೆ ಇಗರ್ಜಿಗೆ ಹೋಗಿ ಬರುವುದೇ ಅವರಿಗೆ ಆಗ ದೂರದ ದಾರಿ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದರ ಪಾದಗಳನ್ನು ತಿರುಗಿಸಿ ನೋಡಿ, ನಡೆಯುವ ಕಾಲೇ, ಎಂದರು. ಗುಲಾಬಿ ಎಲ್ಲ ಹೇಳಿದಳು ಎಂದೆ. ಅಷ್ಟು ವರ್ಷ ನನಗೂ ಹೇಳಲಿಲ್ಲವಲ್ಲ ಎಂದು ನಾನು ಸ್ವಲ್ಪ ಬೇಸರ ತೋರಿಸಿದೆ. ಮತ್ತೆ, ನನ್ನ ಮನಸ್ಸಿನಲ್ಲಿ ಉಳಿದಿದ್ದ ಒಂದು ಸಂಗತಿಯನ್ನು ಕೇಳಿದೆ. ಹುಡುಗಿ ಸಿಕ್ಕಿದ್ದು ಇನ್ನೂ ಬೆಳಕಿರುವಾಗ. ಸಂಜೆಯ ಗಾಡಿಗೆ ಬೇಕಾದಷ್ಟು ಹೊತ್ತಿತ್ತು. ಆ ಗಾಡಿ ಹಿಡಿದಿದ್ದರೆ ಅರ್ಧ ಗಲಾಟೆ ಇರುತ್ತಿರಲಿಲ್ಲ, ಹುದ್ದೆಯೂ ತಪ್ಪುತ್ತಿರಲಿಲ್ಲ. ಅದಕ್ಕೆ ಯಾಕೆ ಬರಲಿಲ್ಲ?

ಬಾಯಮ್ಮ ಮೆಲ್ಲನೆ ನಕ್ಕರು.

"ಹೊರಡುವ ಎಂದೆ. ಅವಳು ಒಂದು ಪ್ರಶ್ನೆ ಕೇಳಿದಳು, ನೀವು ಯಾಕೆ ಮದುವೆ ಆಗಲಿಲ್ಲ ಬಾಯಮ್ಮ ಎಂದು. ಹಾಗೆ ನೇರವಾಗಿ ನನ್ನನ್ನು ಯಾರೂ ಕೇಳಿರಲಿಲ್ಲ ಮಾರಾಯ್ತಿ. ಸರಿಯಾಗಿ ಹೇಳುವ ಎಂದು ಕುಳಿತೆ. ಹೇಳಿ ಮುಗಿಯುವಾಗ ರೈಲು ಹೋಗಿತ್ತು."

"ಎಂತ ಹೇಳಿದಿರಿ?" ಎಂದು ಕೇಳಿದೆ.

"ಅದು ಅವಳಿಗೆ ಹೇಳಿದ್ದು," ಎಂದು ಬಾಯಮ್ಮ ಮಗುವನ್ನು ನನ್ನ ಕೈಗೆ ಕೊಟ್ಟರು.

ಅವರು ಹೋಗಿ ಈಗ ಬಹಳ ಕಾಲವಾಯಿತು. ಗುಲಾಬಿ ಆಗಾಗ ಸಿಗುತ್ತಾಳೆ. ಅವಳನ್ನೂ ಒಂದು ಸಲ ಕೇಳಿ ನೋಡಿದೆ. ಅವಳೂ ಹೇಳಲಿಲ್ಲ.